ಮಾಳಿಗೆಯ ಮೇಲಿನ ಮಣ್ಣು

ಮರಾಠಿ ರಾಜ್ಯದೊಳಗಿನ ನಮ್ಮ ಕನ್ನಡ ಸೀಮೆಯಲ್ಲಿ, ಬಿಳೂರಿನ ಆಚೆ, ಗುಡ್ಡವೊಂದರಿಂದ ಅರ್ಧ ಮೈಲಿಗೆ, ನಲವತ್ತು ಮನೆಗಳ ಒಂದು ವಸ್ತಿ ಇದೆ. ಅಲ್ಲಿ ಮನೆ ಕಟ್ಟುವ ಗೌಂಡಿ ರಸೂಲನನ್ನು ಜನ ‘ಕಿಲ್ಲಾರಿ ರಸೂಲ’ ಎಂದೇ ಕರೆಯುತ್ತಾರೆ. ಗೌರವಕ್ಕೆ ಇಟ್ಟ ಹೆಸರಿರಬೇಕು ಎಂದು ಹೊರಗಿನವರು ತಿಳಿಯುತ್ತಾರೆ. ಇಟ್ಟದ್ದು ಗೇಲಿಗೆ.

ತೊಂಬತ್ಮೂರರಲ್ಲಿ ಕಿಲ್ಲಾರಿಯಲ್ಲಿ ಭೂಕಂಪವಾದಾಗ ರಸೂಲನಿಗೆ ಇಪ್ಪತ್ತೆರಡು ವರ್ಷ. ರೊಟ್ಟಿ ಗಂಟು ಹೊತ್ತ ಲಾರಿಯೊಂದು ಹೊರಟಿದ್ದಾಗ ಸಲಿಕೆ ಹಿಡಿದು ತಾನೂ ಹತ್ತಿದ. ಒಂಬತ್ತು ದಿನ ಅಗೆದ. ಎಲ್ಲ ಮನೆಗಳಲ್ಲೂ ಅವನು ಕಂಡದ್ದು ಒಂದೇ. ಮಾಳಿಗೆಯ, ಎಂದರೆ ಮಟ್ಟಸ ಚಾವಣಿಯ, ಮಣ್ಣು ಒಟ್ಟಿಗೇ ಕುಸಿದು ಮಲಗಿದವರ ಮೇಲೆ ಕೂತಿತ್ತು. ಸೋರಬಾರದೆಂದು ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಬಿಳಿ ಮಣ್ಣು ಹಾಕುವುದು ಅಲ್ಲಿಯ ಪದ್ಧತಿ, ನಮ್ಮ ಜತ್ತ ಭಾಗದ್ದೂ ಅದೇ. ಹಳೆಯ ಮಣ್ಣನ್ನು ಮಾತ್ರ ಯಾರೂ ಇಳಿಸುವುದಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪನದು, ಅಪ್ಪನದರ ಮೇಲೆ ಮಗನದು. ಹೀಗೆ ಏರಿ ಏರಿ ಎರಡು ಮೊಳ ದಪ್ಪವಾದರೂ, ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ ಎಂದು ಹೆಮ್ಮೆ ಬೇರೆ.

ರಸೂಲ ತಿರುಗಿ ಬಂದವನೇ ಮನೆಮನೆಗೆ ಹೋಗಿ ಹೇಳಿದ. “ಹಳೇ ಮಣ್ಣ ಇಳಸ್ರಿ, ಆಮ್ಯಾಲ ಹೊಸಾದು ಹಾಕ್ರಿ.”

“ಅದು ನಮ್ಮಜ್ಜ ಹಾಕಿದ ಮಣ್ಣೋ,” ಎಂದ ದೊಡ್ಡಮನಿಯ ಮಲಕಾಜಪ್ಪ. “ಅಂವ ಏನ್ ಹುಚ್ಚ ಇದ್ದನೇನು?”

ಮೂವತ್ತು ವರ್ಷ ನಾಲಿಗೆ ಸವೆಸಿದರೂ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ತನ್ನ ಮನೆಯ ಮಣ್ಣು ಇಳಿಸಿ ತಗಡು ಹೊದಿಸಿದ. ಅದಕ್ಕೆ ಹೆಂಡತಿ ಜುಬೇದಾ ಪ್ರತಿ ಬೇಸಿಗೆಯಲ್ಲೂ ಅವನ ಜನ್ಮ ಜಾಲಾಡುತ್ತಿದ್ದಳು. “ನೆಲಾ ಅಲಗಾಡೂತನಾ ನಾ ಎಲ್ಲಿ ಉಳೀತೀನಿ? ಅದರಕಿಂತ ಮೊದಲ ಈ ತಗಡಿನ ಬುಡಕ ಬೆಂದ ಹೋಗ್ತೀನಿ!” ಹೊಟ್ಟೆಪಾಡಿಗೆ ರಸೂಲ ಊರವರ ಮಾಳಿಗೆಗೆ ಮಣ್ಣು ಹಾಕುತ್ತಲೇ ಇದ್ದ. ಬೈದುಕೊಂಡು ಹಾಕುತ್ತಿದ್ದ. ಬೈದರೇನು, ಮಣ್ಣು ಹಗುರಾಗುತ್ತದೆಯೇ?

ಅವನ ಮಾತನ್ನು ನಂಬಿದವಳು ಒಬ್ಬಳೇ. ಪಕ್ಕದ ಮನೆಯ, ಕುರಿ ಕಾಯುವವರ ಚಂದ್ರಾಬಾಯಿ. ಕಿಲ್ಲಾರಿಯಿಂದ ಬಂದ ಮೇಲೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಅಂಬಲಿ ಕುಡಿಸಿ, ಕಥೆಯನ್ನು ಕೊನೆಯವರೆಗೂ ಕೇಳಿದ್ದು ಅವಳು. ಅವತ್ತಿನಿಂದ ಅವನು ಅವಳನ್ನು ಅವ್ವಾ ಎನ್ನುತ್ತಿದ್ದ. ಅವಳ ಮಾಳಿಗೆ ಇಳಿಸುವ ಮಾತು ಮಾತ್ರ ವರ್ಷ ವರ್ಷ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಹೋದ ವರ್ಷ ಅವಳ ಮಗ ಬೀರು ಜತ್ತಿನಿಂದ ಹೊಸ ತಗಡು ತಂದು ಗೋಡೆಗೆ ಆನಿಸಿಟ್ಟು, ಕುರಿ ಹೊಡೆದುಕೊಂಡು ಹೋದ.

“ಯಾವಾಗ ಇಳಸ್ತೀಯೋ ರಸೂಲಾ?” ಎಂದು ಕೇಳಿದಳು ಚಂದ್ರಾಬಾಯಿ.

“ಮಿರಗದ ಮಳಿಗಿಂತ ಮೊದಲ ಅವ್ವಾ. ಎಂಟ ದಿನದ ಕೆಲಸ. ನನ್ನ ಮಾತು.”

ಅಷ್ಟರಲ್ಲಿ ಪುಣೆಯ ಒಂದು ಸಂಸ್ಥೆಯಿಂದ ಪ್ರಾಜಕ್ತಾ ಬಂದಳು. ಒಳ್ಳೆಯ ಹುಡುಗಿ, ಓದಿದವಳು. ಭೂಕಂಪಕ್ಕೆ ಜನರನ್ನು ಸಜ್ಜು ಮಾಡುವುದು ಅವಳ ಕೆಲಸ. ಅವಳು ತಂದ ಚಿತ್ರಪಟಗಳು ಕೊಂಕಣದ ಕಡಲ ಊರುಗಳಿಗೆಂದು ಅಚ್ಚಾದವು. ಅವುಗಳಲ್ಲಿ ತೆಂಗಿನ ಮರ ಇತ್ತು, ಮರದೆತ್ತರದ ಅಲೆ ಇತ್ತು, ಗುಡ್ಡಕ್ಕೆ ಓಡುವ ಜನ ಇದ್ದರು. ನೆಲ ನಡುಗಿದ ಕೂಡಲೇ ಎತ್ತರಕ್ಕೆ ಓಡಿ, ಸುನಾಮಿ ಬರುತ್ತದೆ ಎಂದು ಮರಾಠಿಯಲ್ಲಿ ಬರೆದಿತ್ತು. ಟ್ಯಾಂಕರ್ ಬಂದರೆ ಮಾತ್ರ ನೀರು ಕಾಣುವ ವಸ್ತಿಯ ಗೋಡೆಗೆ ಅವನ್ನು ಅಂಟಿಸಿದರು.

ಚಂದ್ರಾಬಾಯಿ ಅವುಗಳ ಮುಂದೆ ನಿಂತು ನೋಡಿದಳು. “ಅಷ್ಟ ನೀರು ಬರೂದಿದ್ರ ನಾ ಯಾಕ ಓಡ್ಲಿ? ಕೊಡಾ ತಗೊಂಡು ಎದರಿಗೇ ಹೋಗ್ತೀನಿ,” ಎಂದಳು. ಎಲ್ಲರೂ ನಕ್ಕರು.

ರಸೂಲ ಸಭೆಯಲ್ಲಿ ಎದ್ದು ತನ್ನ ಹರಕು ಮರಾಠಿಯಲ್ಲಿ ಮಾಳಿಗೆಯ ಮಣ್ಣಿನ ಮಾತು ತೆಗೆದ. ಪ್ರಾಜಕ್ತಾ ಕೇಳಿಸಿಕೊಂಡಳು, ಬರೆದುಕೊಂಡಳು, ಅದು ಮುಂದಿನ ಹಂತದಲ್ಲಿ ಬರುತ್ತದೆ ಎಂದಳು. ಆದರೆ ಕಿಲ್ಲಾರಿ ಕಂಡವನು ಎಂದು ಅವನನ್ನೇ ವಸ್ತಿಯ ಮುಖ್ಯಸ್ಥನನ್ನಾಗಿ ಮಾಡಿ ಕೇಸರಿ ಜಾಕೀಟು ತೊಡಿಸಿದಳು, ಕೊರಳಿಗೆ ಒಂದು ಸೀಟಿ ಹಾಕಿದಳು. ಇಲ್ಲೇ ನಮ್ಮ ರಸೂಲ ಕೆಟ್ಟ. ಮೂವತ್ತು ವರ್ಷ ಹುಚ್ಚನೆನಿಸಿಕೊಂಡವನಿಗೆ ಒಮ್ಮೆಲೇ ಊರೆಲ್ಲ ‘ರಸೂಲಭಾಯಿ, ಬರ್ರಿ, ಕುಂದ್ರಿ’ ಎನ್ನತೊಡಗಿದರೆ ಯಾರ ತಲೆ ನಿಂತೀತು? ಚಂದ್ರಾಬಾಯಿಗೆ ಮಾತು ಕೊಟ್ಟ ಎಂಟು ದಿನವೂ ಅವನು ಸೀಟಿ ಊದಿದ. ಮೂರು ಸಲ ಉದ್ದಕ್ಕೆ ಊದಿದರೆ ಎಲ್ಲರೂ ಗುಡ್ಡ ಹತ್ತಬೇಕು. ಮೊದಲ ದಿನ ಅರ್ಧ ತಾಸು ಹಿಡಿದದ್ದು ಕೊನೆಯ ದಿನ ಏಳು ನಿಮಿಷಕ್ಕೆ ಬಂತು. ಪ್ರಾಜಕ್ತಾ ಫೋಟೋ ತೆಗೆದುಕೊಂಡು ಹೋದಳು.

ಒಂಬತ್ತನೆಯ ದಿನ ಮುಗಿಲು ಕಟ್ಟಿತು.

“ಈಗ ಇಳಿಸಿದ್ರ ಮಳಿ ಎಲ್ಲಾ ಒಳಗ ಬರ್ತದವ್ವಾ,” ಎಂದ ರಸೂಲ, ಅವಳ ಮುಖ ನೋಡದೆ. “ಈ ವರ್ಸ ಮ್ಯಾಲೆ ನಾಕ ಬುಟ್ಟಿ ಒಗದಬಿಡ್ತೀನಿ. ದೀಪಾವಳಿಗೆ ಎಲ್ಲಾ ಇಳಿಸೂಣು.”

“ನೀನ ಹಿಂಗಂದ್ರ ಹೆಂಗೋ?” ಎಂದಳು ಚಂದ್ರಾಬಾಯಿ. ಆಮೇಲೆ, “ಆಗಲಿ ಬಿಡು, ನಿನಗ ತಿಳೀತದ,” ಎಂದಳು.

ನಾಲ್ಕು ಬುಟ್ಟಿ ಎಂದವನು ನಲವತ್ತು ಹಾಕಿದ. ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ, ಸೋರಬಾರದಲ್ಲ.

ಮೂರು ದಿನ ಮಳೆ ಹೊಡೆಯಿತು. ನಾಲ್ಕನೆಯ ದಿನ ಬಿಸಿಲು ಬಿತ್ತು. ಮಧ್ಯಾಹ್ನ ಚಂದ್ರಾಬಾಯಿ ತಂಪಿಗೆಂದು ಒಳಗೆ ಮಲಗಿದ್ದಾಗ ನೆಲ ನಡುಗಿತು. ಕಿಲ್ಲಾರಿಯ ಮುಂದೆ ಅದು ಏನೂ ಅಲ್ಲ. ಗೋಡೆಗಳು ಬಿರುಕು ಬಿಟ್ಟವು, ಕುಲುಮೆಯ ಕೊಟ್ಟಿಗೆ ಬಿತ್ತು. ಚಂದ್ರಾಬಾಯಿಯ ಮಾಳಿಗೆ ನಲವತ್ತು ಬುಟ್ಟಿ ಹೊಸ ಮಣ್ಣು ಹೊತ್ತು, ಮಳೆನೀರು ಕುಡಿದು ಕೂತಿತ್ತು. ಅದು ತಡೆಯಲಿಲ್ಲ.

ವಸ್ತಿಯ ಜನ ಕಲಿಸಿದ ಪಾಠ ಮರೆಯಲಿಲ್ಲ. ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಹೊತ್ತುಕೊಂಡು ಗುಡ್ಡಕ್ಕೆ ಓಡಿದರು. ಓಣಿಯಲ್ಲಿ ಉಳಿದವರು ರಸೂಲ, ಜುಬೇದಾ ಇಬ್ಬರೇ. ಮಣ್ಣಿನ ಕೆಳಗಿಂದ ದನಿ ಬರುತ್ತಿತ್ತು. ಇಬ್ಬರೂ ಕೈಯಿಂದ ಬಗೆದರು. ತೊಲೆ ಅಡ್ಡ ಬಂತು. ಅದನ್ನು ಎತ್ತಲು ಆರು ಮಂದಿ ಬೇಕು.

ರಸೂಲ ಎದ್ದು ಗುಡ್ಡದ ಕಡೆ ನೋಡಿದ. ಜನ ಆಗಲೇ ಕೆಳಗೆ ಇಳಿಯತೊಡಗಿದ್ದರು. ಬೇಗ ಬರಲಿ ಎಂದು ಅವನ ಕೈ ಕೊರಳಿನ ಸೀಟಿಗೆ ಹೋಯಿತು. ಜೀವ ಬಿಟ್ಟು ಸೀಟಿ ಊದಿದ. ಒಂದು, ಎರಡು, ಮೂರು.

ಇಳಿಯುತ್ತಿದ್ದವರು ನಿಂತರು. ತಿರುಗಿದರು. ಮತ್ತೆ ಗುಡ್ಡ ಹತ್ತಿದರು.

“ಬರ್ರೋ! ಕೆಳಗ ಬರ್ರೋ!” ಎಂದು ಅವನು ಕೂಗಿದ್ದು ಅಷ್ಟು ದೂರ ಯಾರಿಗೆ ಕೇಳಬೇಕು? ಮತ್ತೆ ಊದಿದ. ಅವರು ಇನ್ನೂ ಮೇಲಕ್ಕೆ ಹೋದರು. ಆಗ ತಿಳಿಯಿತು ಅವನಿಗೆ. ಬಾ ಎನ್ನುವುದಕ್ಕೆ ಸೀಟಿಯೇ ಇಲ್ಲ. ಯಾರೂ ಅದನ್ನು ಕಲಿಸಿರಲಿಲ್ಲ, ಅವನೂ ಕೇಳಿರಲಿಲ್ಲ. ಜುಬೇದಾ ಸೆರಗು ಸಿಕ್ಕಿಸಿಕೊಂಡು, ಐವತ್ತು ದಾಟಿದ ಹೆಂಗಸು, ಗುಡ್ಡಕ್ಕೆ ಓಡಿದಳು.

“ರಸೂಲಾ,” ಎಂದಿತು ಮಣ್ಣಿನೊಳಗಿನ ದನಿ. “ಮಣ್ಣ ಭಾಳ ಅದನೋ. ನೀ ಹೇಳಿದ್ದು ಖರೇ ಆತಲ್ಲೋ.”

ಅವಳು ಮತ್ತೆ ಮಾತಾಡಲಿಲ್ಲ. ಜನ ಬಂದು ತೊಲೆ ಎತ್ತಿದಾಗ ಮುಕ್ಕಾಲು ತಾಸು ಕಳೆದಿತ್ತು. ಗೋಡೆಗೆ ಆನಿಸಿಟ್ಟಿದ್ದ ಹೊಸ ತಗಡಿನ ಮೇಲೆಯೇ ಅವಳನ್ನು ಹೊರಗೆ ತಂದರು.

ತಿಂಗಳ ನಂತರ ಪ್ರಾಜಕ್ತಾ ಬಂದು ಸತ್ಕಾರದ ಸಭೆ ಇಟ್ಟಳು. ಏಳು ನಿಮಿಷದಲ್ಲಿ ವಸ್ತಿ ಖಾಲಿಯಾಯಿತು, ಸತ್ತದ್ದು ಒಂದೇ ಜೀವ ಎಂದು ಮರಾಠಿಯಲ್ಲಿ ಹೇಳಿ ರಸೂಲನಿಗೆ ಶಾಲು ಹೊದಿಸಿದಳು. ವೇದಿಕೆಯ ಕೆಳಗೆ ಬೀರು ತಲೆ ಬೋಳಿಸಿಕೊಂಡು ಕೂತಿದ್ದ. ರಸೂಲ ಅವನ ಕಡೆ ನೋಡುತ್ತಾ ಕನ್ನಡದಲ್ಲಿ ಹೇಳಿದ.

“ಆ ಮಣ್ಣ ಹಾಕಿದಾಂವ ನಾನ. ಗೊತ್ತಿದ್ದೂ ಹಾಕೀನಿ. ಶಿಟ್ಟಿ ಊದಿ ನಿಮ್ಮನ್ನ ತಿರುಗಿ ಕಳಿಸಿದಾಂವನೂ ನಾನ. ಅವ್ವನ್ನ ಕೊಂದಾಂವ ನಾನು.”

ಪ್ರಾಜಕ್ತಾಗೆ ಕನ್ನಡ ಬಾರದು. ಅವನ ಕಣ್ಣೀರು ಕಂಡು ಅವಳು ಚಪ್ಪಾಳೆ ಹೊಡೆದಳು. ಕನ್ನಡ ಬರುವವರೂ ಹೊಡೆದರು. ಬೀರು ಮಾತ್ರ ಎದ್ದು ಹೋದ.

ಸಭೆ ಮುಗಿದ ಮೇಲೆ ಮಲಕಾಜಪ್ಪ ಹತ್ತಿರ ಬಂದ. “ಅದೆಲ್ಲಾ ಇರ್ಲಿ ರಸೂಲಭಾಯಿ. ನಮ್ಮ ಮಾಳಿಗಿ ಬಿರಕ ಬಿಟ್ಟದ, ಸೋರ್ತದ. ನಾಳಿ ಬಂದು ನಾಕ ಬುಟ್ಟಿ ಮಣ್ಣ ಒಗದಬಿಡ್ರಿ.”

ರಸೂಲ ಮರುದಿನ ಬೆಳಿಗ್ಗೆಯೇ ಹೋದ. ಏಣಿ ಹತ್ತಿ ಮಾಳಿಗೆಯ ನಡುವೆ ನಿಂತು, ಸಲಿಕೆಯಿಂದ ಮಣ್ಣು ಬಗೆದು ಕೆಳಗೆ ಅಂಗಳಕ್ಕೆ ಎಸೆಯತೊಡಗಿದ. ಮಲಕಾಜಪ್ಪ ಬಾಯಿ ಬಡಿದುಕೊಂಡು ಹೊರಗೆ ಓಡಿ ಬಂದ.

“ಏ ಹುಚ್ಚಾ, ಇಳಿ ಕೆಳಗ! ಮಳಿ ಬರ್ತದ, ಮನಿಯೆಲ್ಲಾ ತೋಯ್ತದ!”

“ತೋಯ್ಲಿ,” ಎಂದ ರಸೂಲ, ಕೈ ನಿಲ್ಲಿಸದೆ. “ತೊಯ್ಸಕೊಂಡಾಂವ ಎದ್ದು ಬರ್ತಾನ.”

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಏರಿ ಅವನನ್ನು ಹಿಡಿದು ಇಳಿಸಿದರು. ಮಲಕಾಜಪ್ಪ ಬಾಲಗಾಂವದಿಂದ ಬೇರೆ ಗೌಂಡಿಯನ್ನು ಕರೆಸಿ, ಅಂಗಳದಲ್ಲಿ ಬಿದ್ದ ಅದೇ ಮಣ್ಣನ್ನು ಮತ್ತೆ ಮೇಲಕ್ಕೆ ಏರಿಸಿದ.