ಗಡ್ಡೆಯ ಗೆಜ್ಜೆ ಉಳಿಸಿದ ಕಾಲು

ಬನಹಟ್ಟಿಯ ನೇಕಾರರಲ್ಲಿ ನನ್ನಷ್ಟು ಚಂದ ಕೋಲಾಟ ಆಡುವವನು ಇರಲಿಲ್ಲ. ಹಾಗೆಂದು ಹೇಳಿದವನೂ ನಾನೇ, ನಂಬಿದವನೂ ನಾನೇ. ಕೃಷ್ಣಾ ಹೊಳೆಯ ನಡುಗಡ್ಡೆಯವರೂ ನಂಬಿಬಿಟ್ಟರು, ಪೇಚಿಗೆ ಸಿಕ್ಕಿದ್ದು ಆಗ.

ಆಗ ಈಚೆ ದಂಡೆ ಜಮಖಂಡಿ ಅರಸರದು, ಆಚೆಯದು ಬ್ರಿಟಿಷರದು. ನಡುವಿನ ಗಡ್ಡೆಯಲ್ಲಿ ಮೂವತ್ತು ಮನೆ. ಮಳೆಗಾಲ ಕಳೆದು ಹೊಳೆ ಇಳಿದಾಗ ಅಲ್ಲಿಯ ಹನ್ನೆರಡು ಗಂಡಸರು ಉಸುಕಿನ ಮೇಲೆ ಕೋಲಾಟ ಆಡುತ್ತಿದ್ದರು. ಅವರು ಕಟ್ಟುತ್ತಿದ್ದ ಗೆಜ್ಜೆ ಈಚೆ ದಂಡೆಯ ಗುಡಿಯವು. ಯಾವ ವರ್ಷ ಆಟ ತಪ್ಪಿತೋ, ನಡುವೆ ನಿಂತಿತೋ, ಆ ವರ್ಷವೇ ಗೆಜ್ಜೆ ಗುಡಿಗೆ ವಾಪಸು. ಮತ್ತೆ ಕೊಡುವ ಮಾತಿಲ್ಲ.

ಆ ವರ್ಷ ಮೇಳದ ಹಿರಿಯನ ತಮ್ಮ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಅಣ್ಣತಮ್ಮ ಇಬ್ಬರದೂ ಒಂದು ಜೋಡಿ. ಹಿರಿಯ ಹರಗೋಲು ನಡೆಸುವವನು. ಸಂತೆಯಲ್ಲಿ ನನ್ನ ಬಡಾಯಿ ಕೇಳಿ, ತಮ್ಮನ ಜಾಗಕ್ಕೆ ಬಾ ಎಂದ. ಹೊಳೆ ದಾಟುವಾಗ ನಾನು ಸುಮ್ಮನೆ ಕೂಡಲಿಲ್ಲ. ಅರಮನೆಯ ಅಂಗಳದಲ್ಲಿ ಕುಣಿದು ರುಮಾಲು ಗೆದ್ದೆ ಎಂದು ಒಂದು ಬಿಟ್ಟೆ.

ತಾಲೀಮಿಗೆ ಹೊತ್ತಿರಲಿಲ್ಲ. ಎರಡೂ ದಂಡೆಯ ಜನ ಬಂದು ಕೂತಿದ್ದರು. ಮೊದಲ ಸುತ್ತಿನಲ್ಲೇ ಹಿರಿಯನ ಕೋಲು ಗಾಳಿಗೆ ಬಡಿಯಿತು. ಎರಡನೆಯದರಲ್ಲಿ ನನ್ನ ಬೆರಳಿಗೆ.

ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವರು ನಾವು. ಕಾಲಡಿಯ ಹಲಗೆ ಒತ್ತಿ, ಲಾಳಿ ಆ ಬದಿ ಸೇರುವವರೆಗೆ ಹಿಡಿದು, ಆಮೇಲೆ ಬಿಡಬೇಕು. ನಮ್ಮೂರಲ್ಲಿ ಎಲ್ಲರೂ ಹಾಗೇ ಕಾಲು ತಡೆದು ಕುಣಿಯುತ್ತಿದ್ದರು. ಬೇರೆಯವರು ಬೇಗ ಎತ್ತುತ್ತಾರೆಂದು ಆವತ್ತೇ ತಿಳಿದದ್ದು. ಉಸುಕು ಬೇರೆ, ಹೆಜ್ಜೆ ಹೆಜ್ಜೆಗೂ ಹೂಳುತ್ತಿತ್ತು.

ಗುಡಿಯ ಪೂಜಾರಿ ಎದ್ದು ನಿಂತ. ಹಿರಿಯ ಆಟ ಬಿಡದೆ ನನ್ನ ಕಾಲು ನೋಡಿದ.

"ಏನ್ ಮಾಡಾಕತ್ತೀಯೋ ತಮ್ಮಾ?"

"ಮಗ್ಗದ ಕಾಲಣ್ಣಾ. ಲಗೂನ ಏಳವಲ್ದು."

ಬೈಯುತ್ತಾನೆ ಅಂದುಕೊಂಡೆ. ಅವನು ಮೇಳದ ಕಡೆ ತಿರುಗಿ, "ಎಲ್ಲಾರೂ ಇವನಂಗ ಕಾಲ್ ಒತ್ತಿ ನಿಲ್ರಿ, ಆಮ್ಯಾಲೆ ಎತ್ರಿ" ಎಂದ. ಪದದ ಸಾಲಿನ ಕೊನೆಯನ್ನೂ ಅಷ್ಟೇ ಎಳೆದು ಹಾಡಿದ. ಮೂರು ಸುತ್ತಿಗೆ ಹನ್ನೆರಡೂ ಜನರ ಕೋಲು ಒಂದೇ ಏಟಿಗೆ ಕೂಡಿದವು. ಪೂಜಾರಿ ಕೂತ. ಗೆಜ್ಜೆ ಗಡ್ಡೆಯಲ್ಲೇ ಉಳಿಯಿತು.

ಸಂಜೆ ನಾನೂ ಪೂಜಾರಿಯೂ ಹಿರಿಯನ ಹರಗೋಲಿನಲ್ಲೇ ಈಚೆ ದಂಡೆಗೆ ಹೊರಟೆವು. ಈ ಹೊಸ ಹೆಜ್ಜೆ ಎಲ್ಲಿಯದು ಎಂದು ಪೂಜಾರಿ ಕೇಳಿದ. ನನ್ನ ಬಾಯಿ ಕೇಳಬೇಕಲ್ಲ. ನಾನೇ ಕಲಿಸಿದ್ದು ಎಂದುಬಿಟ್ಟೆ. ಅಂದ ಮೇಲೆ ಹಿರಿಯನ ಮುಖ ನೋಡಿದೆ. ಒಂದೇ ಮಾತಿನಲ್ಲಿ ಅವನು ನನ್ನ ಮಾನ ಕಳೆಯಬಹುದಿತ್ತು.

"ಖರೇ ಐತ್ರಿ," ಎಂದ ಅವನು, ಹುಟ್ಟು ಹಾಕುತ್ತಲೇ. "ನನ್ನ ತಮ್ಮನ ಜಾಗಾದಾಗ ನಿಂತು ಕಲಿಸ್ಯಾನ."

ಆ ಬಡಾಯಿಯ ಮೇಲೆ ಎಷ್ಟೋ ವರ್ಷ ಮೀಸೆ ತಿರುವಿದ್ದೇನೆ. ಅದು ಅವನು ಕೊಟ್ಟದ್ದು, ಆ ಋಣ ತೀರುವಂಥದ್ದಲ್ಲ. ಆವತ್ತು ದಂಡೆ ಮುಟ್ಟುವವರೆಗೆ ನಾನು ತುಟಿ ಬಿಚ್ಚಲಿಲ್ಲ. ನನ್ನನ್ನು ಬಲ್ಲವರು ಮಿಕ್ಕಿದ್ದನ್ನೆಲ್ಲ ನಂಬಿದರೂ ಇದೊಂದನ್ನು ನಂಬುವುದಿಲ್ಲ.