ಸೇತುವೆಯ ನಡುವೆ ವಾಮನ್‌ಭಾಯ್

ವಾಮನ ತೀರಿಕೊಂಡು ಐದು ತಿಂಗಳಾಯಿತು. ವಡೋದರಾದ ಮಂಜಲ್‌ಪುರದಲ್ಲಿ ಅವನದೇ ಹೋಟೆಲಿನಲ್ಲಿ, ಬೆಳಗಿನ ಮೊದಲ ಇಡ್ಲಿ ಇಳಿಸುವ ಹೊತ್ತಿಗೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಐವತ್ತಾರು ವರ್ಷ. ಅವನ ಮಾತು ಬಂದಾಗ ಎಲ್ಲರೂ ಹೇಳುವುದು ಒಂದನ್ನೇ: ದಕ್ಷಿಣ ಅಮೆರಿಕದಲ್ಲಿ ಆರು ದೇಶಗಳನ್ನು ಬೈಕಿನಲ್ಲಿ ಸುತ್ತಿ ಬಂದವನು. ಅದು ನಿಜವೇ. ಆದರೆ ಬೆಟ್ಟಗಳ ಬಗ್ಗೆ, ಮರಳುಗಾಡಿನ ಬಗ್ಗೆ ಯಾರಾದರೂ ಕೇಳಿದರೆ ವಾಮನ ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದ. ಅವನು ಮನಸ್ಸಿಟ್ಟು ಹೇಳುತ್ತಿದ್ದುದು ಒಂದು ಸೇತುವೆಯ ಮೇಲೆ ಎರಡು ಗಂಟೆ ನಿಂತ ಕಥೆಯನ್ನು. ಬರೆದಿಡಬೇಕಾದದ್ದೂ ಅದೇ.

ಕುಂದಾಪುರದ ಕಡೆಯಿಂದ ಅವನು ವಡೋದರಾಕ್ಕೆ ಬಂದದ್ದು ಅಣ್ಣ ಹಯವದನನ ಬೆನ್ನು ಹಿಡಿದು. ಇಬ್ಬರೂ ಸೇರಿ ಮಂಜಲ್‌ಪುರದಲ್ಲಿ ಹೋಟೆಲು ತೆರೆದರು. ಮಕರ್‌ಪುರಾದ ಕಾರ್ಖಾನೆಗಳ ಪಾಳಿ ಬಿಟ್ಟವರು ಸಾಲುಗಟ್ಟಿ ಬರುತ್ತಿದ್ದರು. ಅಡುಗೆ ಅಣ್ಣನದು, ಕೌಂಟರ್ ತಮ್ಮನದು. ಹದಿನೈದು ವರ್ಷ ಹಾಗೆ ನಡೆಯಿತು. ಆಮೇಲೆ ಒಂದು ದಿನ ಗಿರಾಕಿಗಳ ಬಾಯಿಗೆ ಹಿಡಿಸಲಿ ಎಂದು ಹಯವದನ ಸಾಂಬಾರಿಗೆ ಇನ್ನೊಂದು ಹಿಡಿ ಬೆಲ್ಲ ಹಾಕಿದ. ನಮ್ಮ ಕಡೆಯ ಸಾಂಬಾರಿಗೆ ಬೆಲ್ಲ ಮೊದಲೇ ಇರುತ್ತದೆ. ಇದರ ಮೇಲೂ ಹಾಕಿದರೆ ಪಾಯಸ ಎನ್ನುವುದು ವಾಮನನ ವಾದ. ಮಾತು ಬೆಳೆಯಿತು. ತುಂಬಿದ ಹೋಟೆಲಿನಲ್ಲಿ, ಎಲ್ಲರೂ ನೋಡುತ್ತಿರುವಾಗ, ವಾಮನ ಪಾತ್ರೆಯನ್ನು ಎತ್ತಿ ಅಣ್ಣ ಮಾಡಿದ ಸಾಂಬಾರನ್ನು ಮೋರಿಗೆ ಸುರಿದ.

ಹಯವದನ ಸೊಂಟದ ಟವೆಲ್ ಬಿಚ್ಚಿ ಗೂಟಕ್ಕೆ ಹಾಕಿದ, ಸಂಜೆಯ ರೈಲಿಗೆ ಸೂರತ್‌ಗೆ ಹೋದ. ಅಲ್ಲಿ ಬೇರೆ ಹೋಟೆಲು ಮಾಡಿದ. ವಡೋದರಾದಿಂದ ಸೂರತ್ ಎರಡು ಗಂಟೆಯ ದಾರಿ. ಎಂಟು ವರ್ಷ ಯಾರೂ ಆ ದಾರಿ ತುಳಿಯಲಿಲ್ಲ. ವಾಮನ ಫೋನಿನಿಂದ ಅಣ್ಣನ ನಂಬರನ್ನೂ ಅಳಿಸಿಹಾಕಿದ್ದ.

ಬೈಕ್ ಯಾತ್ರೆಗೆ ದಕ್ಷಿಣ ಅಮೆರಿಕವೇ ಯಾಕೆ ಎಂದು ಹೆಂಡತಿ ಯಶೋದಾ ಕೇಳಿದ್ದಳು.

"ಅಲ್ಲೆಲ್ಲ ಒಂದೇ ಭಾಷೆ ಮಾರಾಯ್ತಿ. ಸ್ಪ್ಯಾನಿಷ್ ಒಂದು ಕಲಿತ್ರೆ ಆರು ದೇಶ ದಾಟ್ಲಕ್ಕು. ಇಲ್ಲಿಂದ ಕುಂದಾಪುರಕ್ಕೆ ಹೋಪುದ್ರೊಳಗೆ ನಾಲ್ಕು ಭಾಷೆ ಬೇಕು."

"ಕನ್ನಡ ಒಂದನ್ನೇ ನೆಟ್ಟಗೆ ಮಾತಾಡಿದ್ರೆ ಸಾಕಿತ್ತು, ಅಣ್ಣನ ಹತ್ರ," ಎಂದಳು ಯಶೋದಾ.

ಆರು ತಿಂಗಳು ಅವನು ಹಿಟ್ಟು ರುಬ್ಬುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಪ್ಯಾನಿಷ್ ಕಲಿತ. ಬೈಕನ್ನು ಮುಂಬೈಯಿಂದ ಹಡಗಿಗೆ ಹಾಕಿ, ತಾನು ವಿಮಾನದಲ್ಲಿ ಹೋಗಿ ಚಿಲಿಯಲ್ಲಿ ಇಳಿಸಿಕೊಂಡ. ಮೊದಲ ಗಡಿ, ಚಿಲಿಯಿಂದ ಅರ್ಜೆಂಟೀನಾಕ್ಕೆ, ಸಲೀಸಾಗಿತ್ತು. ಎಂಜಿನ್ ನಂಬರ್ ನೋಡಿದರು, ಕಾಗದ ಕೊಟ್ಟರು. ಎರಡನೆಯದು ಬೊಲಿವಿಯಾದ ಗಡಿ. ಎತ್ತರದ ಊರು, ಮೂಳೆ ಕೊರೆಯುವ ಚಳಿ, ಸಣ್ಣದೊಂದು ಸೇತುವೆ. ಈಚೆ ದಡದಲ್ಲಿ ಅರ್ಜೆಂಟೀನಾದವರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ತಾವು ಕೊಟ್ಟಿದ್ದ ಬೈಕಿನ ಪರವಾನಗಿ ವಾಪಸು ಪಡೆದು, ಹೋಗಿ ಬನ್ನಿ ಎಂದರು. ಆಚೆ ದಡದಲ್ಲಿ ಸುಂಕದ ಕಿಟಕಿಯ ಹಿಂದೆ ಎರಡು ಜಡೆಯ ಒಬ್ಬಳು ಅಧಿಕಾರಿ ಕುಳಿತಿದ್ದಳು. ಅವಳು ಎಂಜಿನ್ ನಂಬರ್ ನೋಡಲಿಲ್ಲ. ಹೆಸರು ನೋಡಿದಳು.

ಪಾಸ್‌ಪೋರ್ಟಿನಲ್ಲಿ ವಾಮನ ತಿಮ್ಮಪ್ಪ. ಬೈಕಿನ ಆರ್‌ಸಿಯಲ್ಲಿ ವಾಮನ್‌ಭಾಯ್ ತಿಮ್ಮಪ್ಪಭಾಯ್.

ಗುಜರಾತಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಗಂಡಸಿನ ಹೆಸರಿಗೆ ಭಾಯ್ ಸೇರಿಸದೆ ಬರೆದರೆ ಏಕವಚನದಲ್ಲಿ ಕರೆದ ಹಾಗೆ. ಬೈಕು ಕೊಂಡಾಗ ಅರ್ಜಿ ತುಂಬಿಕೊಟ್ಟ ಏಜೆಂಟ್ ಮರ್ಯಾದೆಗೆಂದು ಅಪ್ಪನಿಗೂ ಮಗನಿಗೂ ಒಂದೊಂದು ಭಾಯ್ ಹಾಕಿದ್ದ. ವಾಮನ ಅದನ್ನು ಗಮನಿಸಿಯೇ ಇರಲಿಲ್ಲ. ಅವನ ಕರೆಂಟ್ ಬಿಲ್ಲಿನಲ್ಲೂ ಹಾಗೆಯೇ ಇತ್ತು.

ಅಧಿಕಾರಿ ಪೆನ್ನಿನ ತುದಿಯಿಂದ ಆ ಅಕ್ಷರಗಳನ್ನು ಮುಟ್ಟಿ ಕೇಳಿದಳು: ಇದೇನು, ಭಾಯ್?

ವಾಮನನಿಗೆ ಖುಷಿಯಾಯಿತು. ಕಲಿತ ಪದ ಬಾಯ್ತುದಿಯಲ್ಲೇ ಇತ್ತು. "ಎರ್ಮಾನೊ!" ಎಂದ. ಅಣ್ಣತಮ್ಮ ಎಂದು ಅರ್ಥ.

"ಓ," ಎಂದಳು ಅವಳು. ಕಾಗದಗಳನ್ನು ಒಟ್ಟು ಮಾಡಿ ಅವನ ಕಡೆಗೆ ತಳ್ಳಿದಳು. ಅವಳು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ್ದು ಇಷ್ಟು: ಹಾಗಾದರೆ ಬೈಕು ನಿಮ್ಮದಲ್ಲ, ನಿಮ್ಮ ಸಹೋದರನದು. ಬೇರೆಯವರ ವಾಹನ ದೇಶದೊಳಗೆ ಬರಬೇಕಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಅದು ನಿಯಮ. ಸಹೋದರನಿಂದ ಪತ್ರ ತರಿಸಿ.

ಅಲ್ಲ, ಬೈಕು ನನ್ನದೇ, ಎಂದು ವಾಮನ ಹತ್ತು ರೀತಿಯಲ್ಲಿ ಹೇಳಿ ನೋಡಿದ. ಹೇಳಿದಷ್ಟೂ ಅವನ ಸ್ಪ್ಯಾನಿಷ್ ಕೈಕೊಟ್ಟಿತು. ಕೊನೆಗೆ ಅವಳು ಕನಿಕರದಿಂದಲೇ ಕೇಳಿದಳು: "ನಿಮಗೆ ಸಹೋದರ ಇಲ್ಲವೇ?"

ಈ ಪ್ರಶ್ನೆಗೆ ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ.

"ಇದ್ದಾನೆ," ಎಂದ.

"ಮತ್ತೇನು? ಫೋನ್ ಮಾಡಿ."

ವಾಮನ ಬೈಕನ್ನು ತಳ್ಳಿಕೊಂಡು ಸೇತುವೆಯ ನಡುವಿಗೆ ಬಂದು ನಿಂತ. ಹಿಂದಿನ ದೇಶ ಅವನನ್ನು ಬಿಟ್ಟುಕೊಟ್ಟಿತ್ತು, ಮುಂದಿನದು ತೆಗೆದುಕೊಂಡಿರಲಿಲ್ಲ. ಬೆನ್ನಿನ ಮೇಲೆ ಮೂಟೆ ಹೊತ್ತ ಹೆಂಗಸರು ಅವನನ್ನು ಬಳಸಿಕೊಂಡು ಆಚೀಚೆ ಹೋಗುತ್ತಿದ್ದರು. ಹಿಂದಿರುಗಿದರೂ ಹೊಸ ಪರವಾನಗಿಗೆ ಅದೇ ಆರ್‌ಸಿ ತೋರಿಸಬೇಕು, ಅದೇ ಪ್ರಶ್ನೆ ಬರಬಹುದು. ಬೈಕನ್ನು ಸುಂಕದವರ ಅಂಗಳದಲ್ಲಿ ಬಿಟ್ಟು ಮನೆಗೆ ಹೋಗಬಹುದು. ಇಲ್ಲವೇ ಅಣ್ಣನಿಗೆ ಫೋನ್ ಮಾಡಬಹುದು. ಮನೆಗೆ ಹೋಗುವುದೇ ಸುಲಭ ಎಂದು ಸುಮಾರು ಹೊತ್ತು ಅನ್ನಿಸಿತ್ತಂತೆ ಅವನಿಗೆ.

ಕೊನೆಗೆ ಮಗಳಿಗೆ ಫೋನ್ ಮಾಡಿದ. ಪ್ರತೀಕ್ಷಾ ಅಹಮದಾಬಾದಿನಲ್ಲಿ ಕೆಲಸದಲ್ಲಿದ್ದಳು. ಸ್ಯಾಟಲೈಟ್ ಬಡಾವಣೆಯ ಆಫೀಸು ಮುಗಿಸಿ ಅದೇ ಊರಿನ ಬೋಪಾಲ್ ಬಡಾವಣೆಯ ಬಾಡಿಗೆ ಫ್ಲ್ಯಾಟಿಗೆ ಆಗಷ್ಟೇ ಬಂದಿದ್ದಳು. ಸೇತುವೆಯ ಮೇಲೆ ಬೆಳಿಗ್ಗೆ ಒಂಬತ್ತೂವರೆಯಾದರೆ ಇಲ್ಲಿ ಸಂಜೆ ಏಳು.

"ದೊಡ್ಡಪ್ಪನ ನಂಬರ್ ಸಿಕ್ಕೂದಾ ನೋಡ್, ಯಾರ ಹತ್ರಾದ್ರೂ."

"ನನ್ ಹತ್ರಾನೇ ಇದೆ ಪಪ್ಪಾ."

"ನಿನ್ನ ಹತ್ರ? ಯಾವಾಗಿಂದ?"

"ಹಮೇಶಾ ಸೆ. ದೊಡ್ಡಪ್ಪ ಎವೆರಿ ಬರ್ತ್‌ಡೇ ಕಾಲ್ ಮಾಡ್ತಾರೆ. ನಿಮ್ದು ಕೇಳ್ತಾರೆ, ಬಿಪಿ ಕೈಸಾ ಹೈ ಅಂತ. ನೀವ್ ಗುಸ್ಸಾ ಆಗ್ತೀರಿ ಅಂತ ಹೇಳಿಲ್ಲ."

ವಾಮನ ನಂಬರ್ ಬರೆದುಕೊಂಡ. ಕೈ ಮರಗಟ್ಟಿ ಅಂಕಿಗಳು ಸೊಟ್ಟಗಾದವು. ವಿಡಿಯೋ ಕರೆಯೇ ಮಾಡಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಸೂರತ್‌ನಲ್ಲಿ ಸಂಜೆಯ ದೋಸೆಯ ಹೊತ್ತು. ತೆರೆಯ ಮೇಲೆ ಮೊದಲು ಹಬೆ ಬಂತು, ಆಮೇಲೆ ಅಣ್ಣನ ಮುಖ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾರದು?" ಎಂದ ಹಯವದನ. ಆಮೇಲೆ ಕನ್ನಡಕ ಮೇಲೆ ಸರಿಸಿದ. ಹಿಂದಿನಿಂದ ಯಾರೋ ಎರಡು ಮಸಾಲೆ ಎಂದು ಕೂಗಿದರು.

"ಎಂತದಾ ಅದು ತಲೆ ಮೇಲೆ? ಟೊಪ್ಪಿಯಾ, ಕುಕ್ಕೆಯಾ?"

"ಚಳಿ ಅಣ್ಣ ಇಲ್ಲಿ."

"ಬಿಪಿ ಇದ್ದವ ಬೆಟ್ಟ ಹತ್ತಿ ಕೂತ್ರೆ ಚಳಿ ಆಗ್ದೆ ಸೆಕೆ ಆತ್ತಾ? ಹೇಳ್, ಎಂತ ಆಯ್ತು? ಬಿದ್ಯಾ?"

ಬಿದ್ದಿಲ್ಲ ಎಂದು ಹೇಳಿ ವಾಮನ ಭಾಯ್‌ನ ಕಥೆಯನ್ನೆಲ್ಲ ಒಪ್ಪಿಸಿದ. ಬೈಕು ನಿನ್ನದು, ತಮ್ಮ ಓಡಿಸಬಹುದು ಅಂತ ಎರಡು ಸಾಲು ಬರೆದು ಸಹಿ ಹಾಕಿ ಕಳಿಸಬೇಕು ಎಂದ. ಹಯವದನ ಕೇಳುತ್ತ ಕೇಳುತ್ತ ನಗಲು ತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಣ್ಣ," ಎಂದ ವಾಮನ, ನಗು ನಿಂತ ಮೇಲೆ. "ಆವತ್ತು ನಾ ಸಾಂಬಾರ್ ಚೆಲ್ಬಾರ್ದಿತ್ತು. ತಪ್ಪಾಯ್ತು."

"ಯಾವ ಸಾಂಬಾರ್?"

ವಾಮನ ಟೊಪ್ಪಿಯನ್ನು ಕಿವಿಯ ಮೇಲೆ ಎಳೆದುಕೊಂಡ.

"ಮೂವತ್ತು ಲೀಟರ್ ಇತ್ತು," ಎಂದ ಹಯವದನ. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ, ಒಲೆ ಸಣ್ಣ ಮಾಡಿ ಎಂದು ಯಾರಿಗೋ ಗದರಿದ. "ಆಯ್ತು, ನಿಲ್ಲು ಅಲ್ಲೇ. ಬರೀತೆ."

ಪತ್ರ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಹೋಟೆಲಿನ ಹೆಸರಿದ್ದ ಕಾಗದ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳು, ಕೆಳಗೆ ಸಹಿ, ಜೊತೆಗೆ ಆಧಾರ್ ಕಾರ್ಡಿನ ಫೋಟೊ. ವಾಮನ ಹೇಳಿದ ಎರಡು ಸಾಲು ಅದರಲ್ಲಿರಲಿಲ್ಲ. ಅಣ್ಣ ಬರೆದಿದ್ದದ್ದು ಹೀಗೆ:

"ಬೈಕು ನನ್ನದಲ್ಲ. ನನ್ನ ತಮ್ಮನದು. ಸುಳ್ಳು ಬರೆಯಲಾರೆ. ಭಾಯ್ ಎಂದರೆ ಅಲ್ಲಿ ನಾನಲ್ಲ. ನಾವಿರುವ ಸೀಮೆಯಲ್ಲಿ ಎಲ್ಲ ಗಂಡಸರ ಹೆಸರಿಗೂ ಗೌರವಕ್ಕೆ ಅದನ್ನು ಹಚ್ಚುತ್ತಾರೆ, ಯೋಗ್ಯತೆ ಇರಲಿ ಇಲ್ಲದಿರಲಿ. ಆದರೂ ತಾವು ಅಣ್ಣನ ಒಪ್ಪಿಗೆ ಕೇಳಿದ್ದೀರಿ. ನನ್ನ ಪೂರ್ಣ ಒಪ್ಪಿಗೆ ಇದೆ. ಅವನನ್ನು ಒಳಗೆ ಬಿಡಿ. ಅವನಿಗೆ ಬಿಪಿ ಇದೆ, ಚಳಿಯಲ್ಲಿ ನಿಲ್ಲಿಸಬೇಡಿ."

ವಾಮನ ಇದನ್ನು ಎರಡು ಸಲ ಓದಿದ. ಇಷ್ಟು ದೂರ ಬಂದು ಅಣ್ಣನ ಸತ್ಯಸಂಧತೆಗೆ ಸಿಕ್ಕಿಬಿದ್ದೆನಲ್ಲ ಎಂದುಕೊಂಡೇ ಕಿಟಕಿಗೆ ಹೋಗಿ ಫೋನ್ ಕೊಟ್ಟ. ಅಧಿಕಾರಿ ಅದನ್ನು ತನ್ನ ಫೋನಿನಲ್ಲಿ ಸ್ಪ್ಯಾನಿಷ್‌ಗೆ ತಿರುಗಿಸಿಕೊಂಡು ಓದಿದಳು. ಗೌರವಕ್ಕೆ ಎಂಬಲ್ಲಿ ಅವಳ ಹುಬ್ಬು ಮೇಲೇರಿತು.

"ಆ! ದೋನ್!" ಎಂದು ಹಣೆ ಬಡಿದುಕೊಂಡಳು. "ದೋನ್ ವಾಮನ! ಮೊದಲೇ ಹೇಳಬಾರದೇ?"

ಅವರಲ್ಲಿಯೂ ಹಿರಿಯರ ಹೆಸರಿನ ಮುಂದೆ ದೋನ್ ಎಂದು ಸೇರಿಸುತ್ತಾರೆ. ಆರು ತಿಂಗಳ ಪಾಠದಲ್ಲಿ ವಾಮನನಿಗೆ ಆ ಪದವೂ ಗೊತ್ತಿತ್ತು. ಕಿಟಕಿಯ ಮುಂದೆ ಹೊಳೆಯಲಿಲ್ಲ, ಅಷ್ಟೆ. ಅವಳು ಪರವಾನಗಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬರೆದು ಮುದ್ರೆ ಒತ್ತಿದಳು. ಫೋನ್ ಹಿಂದಿರುಗಿಸುತ್ತ, ಬೈಕು ನಿಮ್ಮದೇ ಅಂದ ಮೇಲೆ ಸಹೋದರನ ಪತ್ರ ಬೇಕಾಗಿಯೇ ಇರಲಿಲ್ಲ, ಅವರಿಗೆ ಸುಮ್ಮನೆ ತೊಂದರೆ ಕೊಟ್ಟೆವು ಎಂದು ಬೇಸರಪಟ್ಟಳು.

ವಾಮನ ಬೊಲಿವಿಯಾದ ಮೊದಲ ಬೀದಿಯಲ್ಲಿ ಬೈಕು ನಿಲ್ಲಿಸಿದ. ಒಬ್ಬ ಅಜ್ಜಿ ಮೆಕ್ಕೆಜೋಳದ ನೇರಳೆ ಬಣ್ಣದ ಬಿಸಿ ಗಂಜಿ ಮಾರುತ್ತಿದ್ದಳು. ಲೋಟ ಕೈಗೆ ಬರುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ದಾಟಿದ್ಯನಾ?"

"ದಾಟಿದೆ ಅಣ್ಣ."

"ತಿಂಡಿ?"

"ಎಂತದೋ ಗಂಜಿ. ಸಿಹಿ ಉಂಟು."

"ಕುಡಿ ಬಾಯ್ಮುಚ್ಚಿ. ಅಜ್ಜಿ ಎದುರು ಚೆಲ್ಬೇಡ."

ಅಲ್ಲಿಂದ ಮುಂದೆ ಮೂರು ಗಡಿಗಳಿದ್ದವು: ಪೆರು, ಎಕ್ವಡಾರ್, ಕೊಲಂಬಿಯಾ. ಪ್ರತಿ ಸಲ ಮುದ್ರೆಯ ಮಸಿ ಒಣಗುವ ಮೊದಲು ವಾಮನ ಸೂರತ್‌ಗೆ ಫೋನ್ ಮಾಡುತ್ತಿದ್ದ. ಯಶೋದಾಗೆ ಸುದ್ದಿ ಮುಟ್ಟುತ್ತಿದ್ದುದು ಭಾವನಿಂದಲೇ. "ನಿನ್ನ ಗಂಡ ದಾಟಿದ ಅಂಬ್ರು," ಎಂದು ಹಯವದನ ಹೇಳಿದರೆ, ಕಟ್ಟಿಕೊಂಡವಳು ನಾನು, ಸುದ್ದಿ ಅಣ್ಣನಿಗೆ, ಎಂದು ಅವಳು ಗೊಣಗುತ್ತಿದ್ದಳು. ಗೊಣಗುವಾಗ ಅವಳ ದನಿಯಲ್ಲಿ ಹಗುರವಿರುತ್ತಿತ್ತು. ಊರಿಗೆ ಮರಳಿದ ವಾಮನ ಮುಂಬೈಯಿಂದ ನೇರ ಮನೆಗೆ ಬರಲಿಲ್ಲ. ಸೂರತ್‌ನಲ್ಲಿ ಇಳಿದು ಮೂರು ದಿನ ಅಣ್ಣನ ಕೌಂಟರಿನಲ್ಲಿ ಕುಳಿತ. ಆಮೇಲೆ ಅಣ್ಣತಮ್ಮಂದಿರಿಗೆ ಸಿಕ್ಕಿದ್ದು ಮೂರು ವರ್ಷ.