ಎರಡನೇ ಸಾಲಿನ ನಾಲ್ಕನೆಯವಳು

ನಮ್ಮವ್ವನ ಮುಖವನ್ನು ಅಳಿಸಿಹಾಕಿದವಳು ನಾನೇ. ಸಿಟ್ಟಿನಿಂದಲ್ಲ, ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ವರ್ಷಕ್ಕೊಂದು ಬೊಟ್ಟಿನಂತೆ ಅಳಿಸಿದೆ.

ಅವ್ವ ತೀರಿಕೊಂಡಾಗ ನನಗೆ ಮೂರು ತಿಂಗಳು. ಅವಳದ್ದೆಂದು ಮನೆಯಲ್ಲಿ ಉಳಿದಿದ್ದು ಒಂದೇ ಫೋಟೊ, ಅದೂ ಗುಂಪಿನದು. ನಂಜನಗೂಡಿನಲ್ಲಿ ನಮ್ಮ ಜನರ ಸಂಘದವರು ಹೆಂಗಸರಿಗೆ ಹೊಲಿಗೆ ತರಗತಿ ನಡೆಸುತ್ತಿದ್ದರು. ತರಗತಿ ಮುಗಿದ ದಿನ ಸಂಘದ ಹಾಸ್ಟೆಲಿನ ಮುಂದೆ ತೆಗೆಸಿದ ಫೋಟೊ ಅದು. ಮೂರು ಸಾಲಿನಲ್ಲಿ ಹದಿನೇಳು ಜನ ಹೆಂಗಸರು, ಒಂದೊಂದು ಮುಖ ಹುಣಸೆಬೀಜದಷ್ಟು. ಎರಡನೇ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು, ಚೌಕಳಿ ಸೀರೆಯವಳು, ನಿಮ್ಮವ್ವ ಎಂದು ತೋರಿಸಿದ್ದು ಅಪ್ಪನ ತಾಯಿ, ನನ್ನ ಅಜ್ಜಿ.

ಪಿತೃಪಕ್ಷದಲ್ಲಿ ಎಡೆ ಇಡುವಾಗ ಎಲ್ಲರ ಮನೆಯಲ್ಲೂ ಸತ್ತವರ ಫೋಟೊ ಒರೆಸಿ ಹಣೆಗೆ ಕುಂಕುಮ ಇಡುತ್ತಾರೆ. ನಮ್ಮ ಫೋಟೊಕ್ಕೆ ಗಾಜು ಎಂದೋ ಒಡೆದುಹೋಗಿತ್ತು. ಊದುಬತ್ತಿ ಕಡ್ಡಿಯ ತುದಿಯಲ್ಲಿ ಕುಂಕುಮ ಅದ್ದಿ, ಉಸಿರು ಬಿಗಿಹಿಡಿದು, ಆ ನಾಲ್ಕನೆಯವಳ ಹಣೆಗೇ ಮುಟ್ಟಿಸಬೇಕು. "ಪಕ್ಕದೋರ್ಗೆ ತಾಗಿಸ್ಬುಟ್ಟಿಯಾ, ಅವ್ರು ಬದ್ಕಿರೋರು," ಎಂದು ಅಜ್ಜಿ ಗದರುತ್ತಿದ್ದಳು. ಅಜ್ಜಿ ಹೋದ ಮೇಲೂ ನಾನು ತಪ್ಪಿಸಲಿಲ್ಲ. ಮದುವೆಯಾಗಿ ಬರುವಾಗ ಆ ಫೋಟೊವನ್ನೂ ಹೊತ್ತು ತಂದೆ. ಅಪ್ಪ ಮಾತ್ರ ಎಡೆ ಇಡುವ ಹೊತ್ತಿಗೆ ಏನಾದರೂ ನೆಪ ತೆಗೆದು ಹೊರಗೆ ಹೋಗುತ್ತಿದ್ದ. ದುಃಖ ಇರಬೇಕೆಂದುಕೊಂಡಿದ್ದೆ.

ಹೋದ ವರ್ಷ ಸಂಘದವರು ನೆನಪಿನ ಪುಸ್ತಕ ತರುತ್ತೇವೆ, ಹಳೆಯ ಫೋಟೊಗಳಿದ್ದರೆ ಕೊಡಿ, ಅದರಲ್ಲಿರುವವರು ಯಾರ್‍ಯಾರು ಅಂತ ಬರೆದು ಕೊಡಿ ಎಂದರು. ನಾನು ಫೋಟೊವನ್ನು ಸ್ಟುಡಿಯೋಗೆ ಒಯ್ದೆ. ಅಲ್ಲಿಯವನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ಹದಿನಾರು ಜನರಿಗೂ ಕಣ್ಣು, ಮೂಗು, ಮೂಗುಬೊಟ್ಟು ಎಲ್ಲ ಕಂಡವು. ನಾಲ್ಕನೆಯವಳಿಗೆ ಮಾತ್ರ ಕತ್ತಿನಿಂದ ಮೇಲೆ ತುಕ್ಕಿನ ಬಣ್ಣದ ಕಲೆಯೊಂದೇ ಇತ್ತು. ಅಷ್ಟು ವರ್ಷ ಆ ಮುಖ ನನಗೆ ಗೊತ್ತು ಅಂತಲೇ ತಿಳಿದಿದ್ದೆ. ಕಣ್ಣು ಹೇಗಿತ್ತು ಎಂದು ನನ್ನನ್ನೇ ಕೇಳಿಕೊಂಡರೆ ಏನೂ ಬರಲಿಲ್ಲ. ನನಗೆ ಗೊತ್ತಿದ್ದದ್ದು ಕುಂಕುಮ ಮಾತ್ರ.

"ಕುಂಕುಮ ಪೇಪರ್ ಒಳಕ್ಕೇ ಇಳ್ದದೆ ಮೇಡಂ, ಏನೂ ಮಾಡಕ್ಕಾಗಲ್ಲ. ಬೇಕಾರೆ ನಿಮ್ ಮುಖ ಇಟ್ಕೊಂಡು ಒಂದು ಮುಖ ಮಾಡ್ಕೊಡ್ತೀನಿ, ಯಾರ್ಗೂ ಗೊತ್ತಾಗಲ್ಲ," ಎಂದ ಸ್ಟುಡಿಯೋದವನು. ಅವನ ಜನ್ಮ ಜಾಲಾಡಿಬಿಟ್ಟೆ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತೆ. ಅರವತ್ತರ ಹತ್ತಿರದ ಹೆಂಗಸು ತಾಯಿಗಾಗಿ ಅತ್ತರೆ ಮನೆಯವರಿಗೆ ಏನೆಂದು ಹೇಳುವುದು?

ಆಮೇಲೆ ಹೊಳೆಯಿತು. ಫೋಟೊದಲ್ಲಿದ್ದ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಕೊಟ್ಟಿರಬೇಕಲ್ಲ. ಬೇರೆಯವರ ಮನೆಯ ಪ್ರತಿಯಲ್ಲಿ ನಮ್ಮವ್ವನ ಹಣೆಗೆ ಯಾರು ಕುಂಕುಮ ಇಡುತ್ತಾರೆ? ಎಲ್ಲಾದರೂ ಒಂದು ಕಡೆ ಅವಳ ಮುಖ ಹಾಗೇ ಇರಬೇಕು. ಉಳಿದ ಹದಿನಾರು ಜನ ಯಾರು ಎಂದು ಪತ್ತೆ ಮಾಡಿದರೆ ಸಾಕು.

ಸಂಘದ ಹಳೆಯ ಹಾಜರಿ ಪುಸ್ತಕದಲ್ಲಿ ಹದಿನೆಂಟು ಹೆಸರುಗಳಿದ್ದವು. ಯಾರೋ ಒಬ್ಬಳು ಆ ದಿನ ಬಂದಿಲ್ಲ ಎಂದುಕೊಂಡೆ. ಮುಖಗಳಿಗೆ ನಂಬರು ಹಾಕಿದೆ, ಊರೂರು ತಿರುಗಿದೆ. ಒಂದು ಮನೆಗೆ ಒಂದೇ ಮುಖ ಗೊತ್ತು. "ಇದು ನಮ್ಮತ್ತೆ," ಎಂದು ಬೆರಳಿಟ್ಟರೆ ಮುಗಿಯಿತು, ಪಕ್ಕದವಳು ಯಾರಾದರೇನು ಅವರಿಗೆ! ಹೋದಲ್ಲೆಲ್ಲ ಆ ಅತ್ತೆಯರಿಗೆ ಗೋಡೆಯ ಮೇಲೆ ಹಾರ ಬಿದ್ದಿತ್ತು. ಹೆಡತಲೆ ಊರಿನ ಒಂದು ಮನೆಯಲ್ಲಿ ಅಟ್ಟದಿಂದ ಇಳಿಸಿದ ಚೌಕಟ್ಟಿನೊಳಗೆ ಗೆದ್ದಲು ಮಣ್ಣು ಬಿಟ್ಟು ಇನ್ನೇನೂ ಇರಲಿಲ್ಲ. ಚಿಕ್ಕಯ್ಯನಛತ್ರದಲ್ಲಿ ಒಬ್ಬ ಯಜಮಾನ, ತಿಥಿಗೆ ದೊಡ್ಡದು ಮಾಡಿಸಲು ತಾಯಿಯ ಮುಖವನ್ನಷ್ಟೇ ಕತ್ತರಿಸಿಕೊಂಡು ಉಳಿದದ್ದನ್ನು ಒಲೆಗೆ ಹಾಕಿದ್ದ.

"ಉಳಿದವರು ಮನುಷ್ಯರಲ್ಲವೇನ್ರೀ?" ಎಂದು ಕಿರುಚಿದೆ.

"ನಮ್ಮವ್ವುನ್ನ ನಾವ್ ಕತ್ರಿಸ್ಕಂಡ್ರೆ ನಿಮ್ಗೇನ್ ಕಷ್ಟ ಮೇಡಂ?" ಎಂದ. ಅವನ ಹೆಂಡತಿ ನನಗೆ ಕುಡಿಯಲು ನೀರು ಕೊಟ್ಟಳು.

ಹೀಗೆ ಹದಿನಾರು ಮುಖಕ್ಕೂ ಹೆಸರು ಸಿಕ್ಕಿತು, ಅವ್ವನ ಮುಖ ಸಿಗಲಿಲ್ಲ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು, ಇನ್ನು ಸಾಕು, ಸಾಕು ಎಂದು ಹೇಳಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದರೆ ಮತ್ತೆ ಅದೇ ಹುಚ್ಚು. ಕೊನೆಗೆ ಉಳಿದದ್ದು ಆ ಹದಿನೆಂಟನೇ ಹೆಸರು. ಅವರು ತಿ. ನರಸೀಪುರದಲ್ಲಿ ಮಗನ ಮನೆಯಲ್ಲಿದ್ದಾರೆ, ಇನ್ನೂ ಗಟ್ಟಿಯಾಗಿದ್ದಾರೆ ಎಂದು ತಿಳಿಯಿತು. ಫೋಟೊದಲ್ಲೇ ಇಲ್ಲದವರ ಹತ್ತಿರ ಫೋಟೊ ಏಕಿರುತ್ತದೆ? ಆದರೂ ಹೋದೆ. ಬೇರೆ ಯಾವ ಮನೆಯೂ ಉಳಿದಿರಲಿಲ್ಲ.

ಹೊಲಿಗೆ ತರಗತಿಯ ಫೋಟೊ ಎಂದು ನಾನು ಬಾಯಿ ಬಿಟ್ಟದ್ದೇ ತಡ, ಆಕೆ ಮಂಚದಿಂದ ಇಳಿದು ಟ್ರಂಕು ತೆಗೆದರು. ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಫೋಟೊ, ನಿನ್ನೆ ತೆಗೆಸಿದಷ್ಟು ಚೊಕ್ಕಟ. ಕನ್ನಡಕ ಹಾಕಿಕೊಂಡೆ. ಎರಡನೇ ಸಾಲು. ಒಂದು, ಎರಡು, ಮೂರು, ನಾಲ್ಕು. ದಪ್ಪ ಹುಬ್ಬು, ಚೂಪು ಗಲ್ಲ, ನಗುವನ್ನು ತಡೆಹಿಡಿದ ತುಟಿ. ಇಷ್ಟು ಚೆಲುವೆಯಾಗಿದ್ದಳೇ! ಅವ್ವಾ ಎಂದು ಬಾಯಿಂದ ಬಂತೋ ಇಲ್ಲವೋ ಗೊತ್ತಿಲ್ಲ, ಫೋಟೊವನ್ನು ಎದೆಗೊತ್ತಿಕೊಂಡು ಅಳತೊಡಗಿದೆ.

ಆಕೆ ಫೋಟೊವನ್ನು ನನ್ನಿಂದ ಬಿಡಿಸಿಕೊಂಡು, ನಾನು ಬೆರಳಿಟ್ಟಿದ್ದ ಜಾಗ ನೋಡಿದರು. "ಯಾಕವ್ವ, ನನ್ನ ನೋಡ್ಬುಟ್ಟು ಅಳ್ತಿದ್ದೀಯೆ?" ಎಂದರು.

ನಾನು ತಲೆಯೆತ್ತಿದೆ. ಅದೇ ದಪ್ಪ ಹುಬ್ಬು, ಬೆಳ್ಳಗಾಗಿತ್ತು. ಅದೇ ಚೂಪು ಗಲ್ಲ.

ನಾನು ಯಾರ ಮಗಳೆಂದು ಆಗ ಹೇಳಿದೆ. ಆಕೆ ನನ್ನನ್ನು ಹತ್ತಿರ ಕೂರಿಸಿಕೊಂಡರು. "ನೀನು ವಟ್ಟೇಲಿದ್ದೆ ಕಣವ್ವ. ಬಸ್ರಿ ಎಂಗುಸ್ರನ್ನ ಆಗ ಪೋಟೊಕ್ ನಿಲ್ಲಿಸ್ತಿರ್ಲಿಲ್ಲ, ದಿಷ್ಟಿ ಆಯ್ತದೆ ಅಂತ. ನನ್ ತಾವ ಒಳ್ಳೆ ಸೀರೆ ಇರ್ಲಿಲ್ಲ. ನಿಮ್ಮವ್ವನೇ, ನಾನಂತೂ ನಿಲ್ಲಂಗಿಲ್ಲ, ನನ್ ಸೀರೆಯಾದ್ರೂ ಪೋಟೊದಲ್ ಬರ್ಲಿ, ಉಟ್ಕೊ ಅಂತ ಕೊಟ್ಳು."

ತರಗತಿಯಲ್ಲಿದ್ದವರಿಗೆಲ್ಲ ಕೊಟ್ಟ ಪ್ರತಿ ನಮ್ಮ ಮನೆಗೆ ಬರುವ ಹೊತ್ತಿಗೆ ಅವ್ವ ಸತ್ತಿದ್ದಳು. ಅಜ್ಜಿ ಸೊಸೆಯ ಸೀರೆ ನೋಡಿ ಸೊಸೆಯೆಂದಳು. ಅಜ್ಜಿಯ ಕಣ್ಣು ಮಂಜು, ಅವಳನ್ನು ಕ್ಷಮಿಸಬಲ್ಲೆ. ಅಪ್ಪ? ಎರಡು ವರ್ಷ ಬಾಳಿದವನಿಗೆ ಹೆಂಡತಿಯ ಮುಖ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೂಸಿಗೆ ಯಾರದೋ ಒಂದು ಮುಖವಾದರೂ ಇರಲಿ ಎಂದು ಬಾಯಿ ಮುಚ್ಚಿಕೊಂಡ, ಬಾಯಿ ಮುಚ್ಚಿಕೊಂಡೇ ಸತ್ತ. ಅದು ಕರುಣೆಯೇ ಇರಬಹುದು. ನನಗೆ ಮಾತ್ರ ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

ಆಕೆಗೆ ಎಲ್ಲವನ್ನೂ ಹೇಳಿಬಿಟ್ಟೆ, ಕುಂಕುಮ, ಎಡೆ, ಎಲ್ಲ. ಆಕೆಯ ಸೊಸೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದಳು. ಆಕೆ ಮಾತ್ರ, "ಅಂಗಾರೆ ವರ್ಸವರ್ಸ ನಂಗೇ ಎಡೆ ಮಡಗಿದ್ದೀಯೆ ಅನ್ನು," ಎಂದು ನನ್ನ ಕೆನ್ನೆ ಒರೆಸಿದರು.

"ಅವತ್ತು ಅವ್ವ ಎಲ್ಲಿದ್ದಳು?" ಎಂದು ಕೇಳಿದೆ.

"ಪೋಟೊ ತೆಗ್ಯೋನ ಇಂದ್ಗಡೆ ನಿಂತ್ಕಂಡು ನಮ್ಮನ್ನ ನಗಿಸ್ತಿದ್ಲು."

ಫೋಟೊವನ್ನು ಮತ್ತೆ ಎತ್ತಿಕೊಂಡೆ. ಹದಿನೇಳು ಜನವೂ ನೋಡುತ್ತಿದ್ದದ್ದು ನಮ್ಮವ್ವನನ್ನೇ.

"ಹೇಗಿದ್ದಳು? ಮುಖ ಹೇಗಿತ್ತು, ಹೇಳಿ."

ಆಕೆ ಕಣ್ಣು ಮುಚ್ಚಿದರು. "ಮಾತು ಕೇಳಿಸ್ತದೆ. ಮೊಕ ಬತ್ತಿಲ್ಲ ಕಣವ್ವ," ಎಂದರು.

"ಇನ್ನೊಂದು ಸಲ ನೋಡಿ."

ಮತ್ತೆ ಮುಚ್ಚಿದರು. ಮೂರು ಸಲ ಕೇಳಿದೆ, ನಾಚಿಕೆ ಬಿಟ್ಟು ಕೇಳಿದೆ. ಸೊಸೆ, "ಬುಡಿ ಮೇಡಂ, ಸುಸ್ತಾಯ್ತದೆ ಅವ್ರ್ಗೆ," ಎಂದಳು. ಆಕೆ ಕಣ್ಣು ಬಿಟ್ಟು, ತಪ್ಪು ಮಾಡಿದವರ ಹಾಗೆ ನನ್ನ ಕೈ ಸವರಿದರು.

"ನಾ ಒಬ್ಳೇನಾ? ಉಳ್ದೋರು ಅಷ್ಟು ಜನ ಅವ್ರಲ್ಲ, ಅವ್ರನ್ನ ಕೇಳವ್ವ. ಯಾರ್ಗಾರ ನೆಪ್ಪಿರ್ತದೆ," ಎಂದರು.

ಹದಿನಾರು ಮನೆಯ ಹಾರಗಳನ್ನೂ ನಾನು ನೋಡಿಕೊಂಡು ಬಂದಿದ್ದೆ. ಕೇಳುತ್ತೇನೆ ಎಂದು ಹೇಳಿ ಎದ್ದೆ.